ಕೊನೆಯ ತುಂಡಿನ ಉಮೆಗಾಕಿ-ಸಾನ್

ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಎಲ್ಲರ ಕಣ್ಣೆದುರೇ, ಲವಲೇಶವೂ ಸಂಕೋಚವಿಲ್ಲದೆ ಎತ್ತಿ ಬಾಯಿಗೆ ಹಾಕಿಕೊಳ್ಳಬಲ್ಲ ಮನುಷ್ಯ ನಮ್ಮ ಓಣಿಯಲ್ಲಿ ಒಬ್ಬರೇ: ತತಾಮಿ ಚಾಪೆ ಹೊಲಿಯುವ ಉಮೆಗಾಕಿ-ಸಾನ್. ಒಸಾಕಾದ ನಾವು ಮಾತಿಗೆ ಬಡವರಲ್ಲ, ಹಸಿವೆಗಂತೂ ಅಲ್ಲವೇ ಅಲ್ಲ. ಆದರೆ ನಾಲ್ವರು ಹಂಚಿಕೊಂಡು ತಿನ್ನುವ ತಟ್ಟೆಯಲ್ಲಿ ಒಂದೇ ತುಂಡು ಉಳಿಯಿತೆಂದರೆ ಎಂಥ ಹೊಟ್ಟೆಬಾಕನೂ ಸಂನ್ಯಾಸಿಯಾಗಿಬಿಡುತ್ತಾನೆ. ಆ ತುಂಡಿಗೆ ನಮ್ಮಲ್ಲಿ ‘ಸಂಕೋಚದ ಮುದ್ದೆ’ ಎಂದೇ ಹೆಸರು. “ನೀವು ತಗೊಳ್ಳಿ”, “ಅಯ್ಯೋ, ನೀವೇ ತಗೊಳ್ಳಿ” ಎಂಬ ಉಪಚಾರದ ನಡುವೆ ಅದು ತಣ್ಣಗಾಗಿ, ಅಂಚು ಮುದುಡಿ, ಕಡೆಗೆ ಕಸದ ಬುಟ್ಟಿ ಸೇರುತ್ತದೆ.

ಹತ್ಸುಯೋ ಅಕ್ಕನ ‘ಹಿಸಾಗೊ’ ಊಟದಂಗಡಿಯಲ್ಲಿ ಮಾತ್ರ ಹಾಗಾಗುತ್ತಿರಲಿಲ್ಲ. ಹತ್ತು ಜನ ಕೂತರೆ ಹನ್ನೊಂದನೆಯವನು ಉಸಿರು ಬಿಗಿಹಿಡಿಯಬೇಕಾದ ಆ ಪುಟ್ಟ ಜಾಗಕ್ಕೆ ಸಂಜೆ ಮೊದಲು ಉಮೆಗಾಕಿ-ಸಾನರ ಬಲ ಮೊಣಕೈ ಬರುತ್ತದೆ, ಆಮೇಲೆ ಅವರು ಬರುತ್ತಾರೆ. ಚಾಪೆಯ ದಾರವನ್ನು ಮೊಣಕೈಯಿಂದ ಒತ್ತಿ ಬಿಗಿದು ಬಿಗಿದು ಆ ಅಂಗವೇ ದೇಹದ ಯಜಮಾನನಾಗಿಬಿಟ್ಟಿದೆ. ಬಾಗಿಲು ಸರಿಸುವುದೂ ಅದೇ, ಪರದೆ ಎತ್ತುವುದೂ ಅದೇ. ಕಂದು ಕೋಟಿನ ಬಲತೋಳಿನ ಮೇಲೆ ತೇಪೆಯ ಮೇಲೆ ತೇಪೆ. ಎಡತೋಳು ಇನ್ನೂ ಮದುಮಗನ ಹಾಗೆ ನಳನಳಿಸುತ್ತಿದೆ. ಹೆಂಡತಿ ತೀರಿಕೊಂಡ ಮೇಲೆ ಅವರು ನಾಲ್ಕು ಜನರ ನಡುವೆ ಕೂತು ತುತ್ತೆತ್ತುವುದು ಇಲ್ಲಿ ಮಾತ್ರ.

ಯಾವ ಮೇಜಿನಲ್ಲಿ ಮುದ್ದೆ ಉಳಿದರೂ ಜನ ಅವರ ಕಡೆ ನೋಡುತ್ತಿದ್ದರು. ಅವರು ನಿಟ್ಟುಸಿರಿಟ್ಟು, “ಹಾಗಾದ್ರೆ ನಾನೇ ಕೆಟ್ಟವನಾಗ್ತೀನಿ” ಎಂದು ಊಟದ ಕಡ್ಡಿ ಚಾಚಿ, ತುಂಡನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಬಿಸಿ ಚಹಾ ಗುಟುಕರಿಸುವರು. ಪಕ್ಕದ ಕುರ್ಚಿಯ ನಾನು, ಕನ್ನಡಕದ ಅಂಗಡಿಯವನು, ಅದನ್ನು ರಸಾಸ್ವಾದವೆಂದೇ ತಿಳಿದಿದ್ದೆ. “ಎಲ್ಲಾ ಮುಗಿಸಿದ್ರಲ್ಲ, ದುರಾಸೆ ಮುದುಕಪ್ಪ” ಎಂದು ನಾವು ಮನಸಾರೆ ಛೇಡಿಸಿ, ಹಗುರಾಗಿ ಮುಂದಿನ ತಟ್ಟೆಗೆ ಹೇಳುತ್ತಿದ್ದೆವು.

ಹೀಗಿರುವಾಗ ಒಂದು ಸಂಜೆ ಬೇರೆ ಬಡಾವಣೆಯಿಂದ ಬಂದ ಇಬ್ಬರು ಹೆಂಗಸರ ತಟ್ಟೆಯಲ್ಲಿ ಕರಿದ ಕೋಳಿಯ ಒಂದು ತುಂಡು ಬಹಳ ಹೊತ್ತು ಅನಾಥವಾಗಿ ಕೂತಿತ್ತು. ಉಮೆಗಾಕಿ-ಸಾನ್ ಅಭ್ಯಾಸಬಲದಿಂದ ತಮ್ಮ ಎಂದಿನ ಮಾತು ಹೇಳಿ ಅದನ್ನು ಎತ್ತಿಕೊಂಡರು. ಆ ಹೆಂಗಸರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಬ್ಬಾಕೆ ಗೆಳತಿಯ ಕಿವಿಯಲ್ಲಿ, “ಪಾಪ, ತಿನ್ಲಿ ಬಿಡು. ಮನೇಲಿ ಮಾಡಿ ಹಾಕೋರು ಯಾರೂ ಇಲ್ವೇನೋ” ಎಂದಳು. ಅಷ್ಟು ಸಣ್ಣ ಜಾಗದಲ್ಲಿ ಪಿಸುಮಾತಿಗೂ ಎಲ್ಲರ ಕಿವಿಯೇ ಗತಿ. ಉಮೆಗಾಕಿ-ಸಾನರ ಮೊಣಕೈ ಮೆಲ್ಲಗೆ ಕೆಳಗಿಳಿಯಿತು.

ಮರುದಿನದಿಂದ ಅವರು ಕೈಗಳನ್ನು ತೊಡೆಯ ಮೇಲಿಟ್ಟು, ಶಾಲೆಯಲ್ಲಿ ಶಿಕ್ಷೆಗೊಳಗಾದವರಂತೆ ಕೂತರು. ಯಾರು ಎಷ್ಟು ಕರೆದರೂ “ಬೇಡ, ಹೊಟ್ಟೆ ತುಂಬಿದೆ” ಎಂಬ ಒಂದೇ ಉತ್ತರ. ಬರುವುದು ತಡವಾಯಿತು, ಏಳುವುದು ಬೇಗವಾಯಿತು. ಇಂದಲ್ಲ ನಾಳೆ ಇವರು ಬರುವುದನ್ನೇ ಬಿಡುತ್ತಾರೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಇತ್ತ ಅಂಗಡಿಯ ಸಂಸಾರವೇ ಅಸ್ತವ್ಯಸ್ತ. ಉಳಿದ ತುಂಡನ್ನು ಒಬ್ಬ ಅರ್ಧ ಮಾಡಿ ತಿಂದರೆ, ಇನ್ನೊಬ್ಬ ಆ ಅರ್ಧದಲ್ಲಿ ಅರ್ಧ ತಿನ್ನುವನು. ಸಾಸಿವೆ ಕಾಳಿನಷ್ಟು ಆಮ್ಲೆಟ್ ಉಳಿದರೂ ತಟ್ಟೆ ಖಾಲಿ ಎನ್ನುವ ಧೈರ್ಯ ಯಾರಿಗೂ ಇಲ್ಲ. ತೊಳೆಯಲು ತಟ್ಟೆಗಳೇ ಸಿಗದೆ ಹತ್ಸುಯೋ ಅಕ್ಕ ಹಸಿ ಮೀನನ್ನು ಚಹಾ ಬಟ್ಟಲಲ್ಲಿ ಕೊಡತೊಡಗಿದಳು. “ತಿನ್ನೋಕೂ ಬರಲ್ಲ, ಬಿಡೋಕೂ ಬರಲ್ಲ. ಎಲ್ಲಾ ದೊಡ್ಡ ಮನುಷ್ಯರೇ ಸೇರ್ಕೊಂಡಿದೀರ” ಎಂದು ಅವಳ ಗೊಣಗಾಟ.

ಕಡೆಗೊಂದು ದಿನ ಕ್ಷೌರದಂಗಡಿಯ ಕುರೊಸೆ, ಉಮೆಗಾಕಿ-ಸಾನರಿಗಿಂತ ಬಹಳ ಚಿಕ್ಕವನು, ತಾನೇ ಕೆಟ್ಟವನಾಗುವುದಾಗಿ ಘೋಷಿಸಿದ. ಎದುರಿಗಿದ್ದದ್ದು ಬೇಯಿಸಿದ ಆಕ್ಟೋಪಸ್ಸಿನ ಒಂದು ತುಂಡು. ಅವನು ಎಡಕ್ಕೆ ಬಾಗಿ ಕ್ಷಮೆ ಕೇಳಿದ, ಬಲಕ್ಕೆ ಬಾಗಿ ಕೇಳಿದ, ಕೊನೆಗೆ ಆ ತುಂಡಿಗೇ ತಲೆಬಾಗಿ ನುಂಗಿದ. ನುಂಗಿದ್ದೇ ತಡ, ಪಾಪಪ್ರಜ್ಞೆ ತಾಳಲಾರದೆ ಎಲ್ಲರಿಗೂ ಅದೇ ತಿನಿಸಿನ ಇನ್ನೊಂದು ತಟ್ಟೆ ತರಿಸಿದ. ನಾವು ತಿಂದೆವು. ಒಂದು ತುಂಡು ಉಳಿಯಿತು.

ಕುರೊಸೆ ಮತ್ತೆ ಎಡಕ್ಕೆ ಬಾಗತೊಡಗಿದಾಗ ಉಮೆಗಾಕಿ-ಸಾನ್ ಮುಖ ಕಿವುಚಿದರು. ವಕ್ರವಾಗಿ ಹೊಲಿದ ಚಾಪೆಯನ್ನು ಕಂಡಾಗಲೂ ಅವರ ಮುಖ ಹೀಗೆಯೇ ಆಗುತ್ತದೆ. “ಸರ್ಕೋ ಆ ಕಡೆ. ನಿನ್ ಕೈಲಾಗೋ ಕೆಲಸ ಅಲ್ಲ ಅದು. ನಾನೇ ಕೆಟ್ಟವನಾಗ್ತೀನಿ.” ಮೊಣಕೈ ಮೇಲೆದ್ದಿತು, ತುಂಡು ಮಾಯವಾಯಿತು, ಕಣ್ಣು ಮುಚ್ಚಿದವು. “ದುರಾಸೆ ಮುದುಕಪ್ಪ” ಎಂದು ಕುರೊಸೆ ಕಣ್ಣೊರೆಸಿಕೊಂಡು ನಕ್ಕ.

ಅವರು ಹೊರಟ ಮೇಲೆ ನಾನು, “ಮುದುಕಪ್ಪನಿಗೆ ಆಕ್ಟೋಪಸ್ ಅಂದ್ರೆ ಪ್ರಾಣ” ಎಂದೆ. ಹತ್ಸುಯೋ ಅಕ್ಕ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ, “ಅವರದ್ದು ಕಟ್ಟಿಸಿದ ಹಲ್ಲು. ಆಕ್ಟೋಪಸ್ಸೂ ಅಗಿಯೋಕಾಗಲ್ಲ, ಕೋಳೀನೂ ಅಗಿಯೋಕಾಗಲ್ಲ. ಚಹಾದ ಜೊತೆ ಹಾಗೇ ನುಂಗ್ತಾರೆ. ನಿಮ್ಮದು ಕನ್ನಡಕದಂಗಡಿ, ಅಷ್ಟೂ ಕಾಣ್ಲಿಲ್ವಾ?” ಎಂದಳು.

ತಮಗೆ ಬೇಡದ್ದನ್ನು ನುಂಗಿ ದುರಾಸೆಯವರೆನಿಸಿಕೊಳ್ಳುವ ಇಂಥವರು ಬಹುಶಃ ಪ್ರತಿ ಓಣಿಗೂ ಒಬ್ಬೊಬ್ಬರಿರುತ್ತಾರೆ. ಅವರ ನಾಚಿಕೆಗೇಡಿತನವನ್ನು ಆಡಿಕೊಳ್ಳುತ್ತ ಉಳಿದ ನಾವು ಸಭ್ಯರಾಗಿ ಬದುಕುತ್ತೇವೆ. ಅವರು ಬಾರದ ದಿನ ನಮ್ಮ ಸಭ್ಯತೆ ತಟ್ಟೆಯಲ್ಲೇ ಒಣಗುತ್ತದೆ.