ಮೂರನೇ ಕೂಗು

ಬಸ್ಸಿನಲ್ಲೇ ಬಾಯಿ ಬಡ್ಕೊಂಡಿದ್ದೆ. ಕರಿ ಕೋಟು ಬೇಕಾದ್ರೆ ಹಾಕ್ಕೊಳ್ಳಿ, ಕುತ್ತಿಗೆಗೆ ವಕೀಲರ ಬಿಳಿ ಪಟ್ಟಿ ಮಾತ್ರ ಕಟ್ಟಬೇಡಿ, ಸನ್ನದು ಸಿಗೋವರೆಗೂ ಅದು ನಿಮ್ಮದಲ್ಲ ಅಂತ. ಮಧುರವಾಡದ ನಮ್ಮ ಲಾ ಕಾಲೇಜಿನ ಮಕ್ಕಳು ಈ ಹೇಮಾಕ್ಷಿ ಮೇಡಂ ಮಾತು ಕೇಳಿದ್ದು ಯಾವ ಕಾಲಕ್ಕೆ? ವಿಜಯವಾಡದ ಹಳೇ ಕೋರ್ಟು ಬೀದಿಗೆ ಕಾಲಿಟ್ಟಿದ್ದೇ ತಡ, ರಾಜ್ಯಶ್ರೀ ಛಾಪಾ ಕಾಗದದ ಅಂಗಡಿಯಲ್ಲಿ ಪಟ್ಟಿ ಕೊಂಡು ಕಟ್ಟಿಕೊಂಡಿದ್ದಾಳೆ. ಹಳೇ ಕಟ್ಟಡದ ಮುಂದೆ ನಿಂತು ಅಪ್ಪನಿಗೆ ಒಂದು ಫೋಟೋ ಕಳಿಸಬೇಕಿತ್ತಂತೆ. ಅವರಪ್ಪ ವಿಶಾಖಪಟ್ಟಣದಲ್ಲಿ ಬ್ಯಾಂಕ್ ಅಧಿಕಾರಿ, ನಮ್ಮ ಹಾಸನದ ಕಡೆಯವರು. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ತೆಲುಗಿನಲ್ಲಿ. ಕನ್ನಡ ಮನೆಯಲ್ಲಿ, ಬಿಟ್ಟರೆ ನನ್ನ ಹತ್ತಿರ.

ಕಲಾಪ ನೋಡಲು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತ ಮೇಲೇ ಆ ಪಟ್ಟಿ ನನ್ನ ಕಣ್ಣಿಗೆ ಬಿದ್ದದ್ದು. ಬೈಯೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ರಾಜ್ಯಶ್ರೀಯ ಮುಂಗೈ ಹಿಡಿದುಕೊಂಡಿದ್ದಳು. ಪಟ್ಟಿ ನೋಡಿ ವಕೀಲೆ ಅಂದುಕೊಂಡಿದ್ದಾಳೆ, ಪಾಪ.

ಹೆಸರು ಕೋಟೇಶ್ವರಮ್ಮ. ಬಾಡಿಗೆ ಮನೆ ಬಾಗಿಲಲ್ಲೇ ಇಡ್ಲಿ ಬೇಯಿಸಿ ಮಾರುವವಳು. ಮನೆ ಬಿಡಿಸಬೇಕು ಅಂತ ಮಾಲೀಕ ದಾವೆ ಹಾಕಿದ್ದಾನೆ. ಅವಳ ವಕೀಲ ಈಶ್ವರಯ್ಯನ ಪತ್ತೆ ಇಲ್ಲ, ಫೋನೂ ಎತ್ತುತ್ತಿಲ್ಲ. ಜವಾನ ಮೂರು ಸಲ ಹೆಸರು ಕೂಗುತ್ತಾನೆ. ಯಾರೂ ಏಳದಿದ್ದರೆ ಬಂದಿಲ್ಲ ಅಂತ ಬರೆದುಕೊಂಡು ಮಾಲೀಕನ ಮಾತಿನ ಮೇಲೇ ತೀರ್ಮಾನ ಮಾಡುತ್ತಾರೆ. ಅದನ್ನು ಆಮೇಲೆ ತೆಗೆಸೋಕೆ ಕಾನೂನಿನಲ್ಲಿ ದಾರಿ ಇದೆ, ನಾನೇ ಪಾಠ ಮಾಡ್ತೀನಿ. ಆ ದಾರಿ ಹಿಡಿಯುವಷ್ಟರಲ್ಲಿ ಇವಳ ಪಾತ್ರೆಪಗಡ ಬೀದಿಗೆ ಬಂದಿರುತ್ತೆ.

ಜವಾನ ಮೊದಲ ಸಲ ಕೂಗಿದ. ಮುದುಕಿ ರಾಜ್ಯಶ್ರೀಯ ಕೈ ಅಲ್ಲಾಡಿಸಿ, ವಕೀಲರು ಬರ್ತಾರೆ ಅಂತ ಒಂದು ಮಾತು ಹೇಳು ತಾಯಿ ಅಂತ ಬೇಡಿಕೊಂಡಳು. ಹುಡುಗಿ ಏಳಲು ಹೋದಳು. ನಾನು ಕೋಟಿನ ತೋಳು ಹಿಡಿದು ಜಗ್ಗಿದೆ.

"ಎದ್ದರೆ ವಕೀಲೆ ಅಂತ ಸುಳ್ಳು ಹೇಳಿದ ಹಾಗೆ ಕಣೇ. ನಾಳೆ ಸನ್ನದು ಕೊಡೋರು ಇದನ್ನೇ ಹಿಡ್ಕೋತಾರೆ."

"ಆಯಮ್ಮನ ಮನೆ ಹೋಗುತ್ತೆ ಮೇಡಂ."

ನನಗೂ ಗೊತ್ತಿತ್ತು. ಅವಳನ್ನೇ ಏಳೋಕೆ ಹೇಳು, ಕಕ್ಷಿದಾರಳು ತಾನೇ ಬಂದಿದ್ದೀನಿ ಅಂದರೆ ಸಾಕು ಅಂದೆ. ರಾಜ್ಯಶ್ರೀ ತೆಲುಗಿನಲ್ಲಿ ಹೇಳಿದಳು. ಮುದುಕಿ ಬೆಂಚಿಗೆ ಅಂಟಿಕೊಂಡಳು. ಕೋರ್ಟಿನಲ್ಲಿ ಬಾಯಿ ತೆಗೆದರೆ ಕೇಸೇ ಕೆಟ್ಟುಹೋಗುತ್ತೆ ಅಂತ ವಕೀಲರು ಹೆದರಿಸಿದ್ದರಂತೆ. ಆ ಈಶ್ವರಯ್ಯ ಎದುರಿಗಿದ್ದಿದ್ದರೆ ಅಲ್ಲೇ ಗ್ರಹಚಾರ ಬಿಡಿಸ್ತಿದ್ದೆ.

ಎರಡನೇ ಕೂಗು. ಎದುರು ವಕೀಲ ಆಗಲೇ ಎದ್ದು ನಿಂತು ಕೋಟು ಸರಿ ಮಾಡಿಕೊಂಡ. ನ್ಯಾಯಾಧೀಶರು ಬಾಗಿಲ ಕಡೆ ನೋಡಿ ಪೆನ್ನು ತೆಗೆದರು.

ಮೂರನೇ ಕೂಗು ಬಿತ್ತು. ರಾಜ್ಯಶ್ರೀ ಕುತ್ತಿಗೆಯ ಪಟ್ಟಿ ಕಿತ್ತು ನನ್ನ ಮಡಿಲಿಗೆ ಎಸೆದು ಎದ್ದೇಬಿಟ್ಟಳು, ಮುದುಕಿಯನ್ನೂ ರಟ್ಟೆ ಹಿಡಿದು ಎಬ್ಬಿಸಿದಳು. ಇಡೀ ಕೋರ್ಟ್ ಹಾಲ್ ನಮ್ಮ ಕಡೆ ತಿರುಗಿತು.

ನೀವು ಯಾರ ಪರ ಅಂತ ನ್ಯಾಯಾಧೀಶರು ಕೇಳಿದರು.

"ಯಾರ ಪರವೂ ಅಲ್ಲ ಸರ್. ನಾನಿನ್ನೂ ಓದ್ತಿದ್ದೀನಿ. ಇವರಿಗೆ ಏಳೋಕೆ ಕೈ ಕೊಟ್ಟೆ, ಅಷ್ಟೇ."

ಅವರು ಮುದುಕಿಯ ಕಡೆ ನೋಡಿದರು. ಅವಳು ರಾಜ್ಯಶ್ರೀಯ ಮುಖ ನೋಡಿದಳು. ಪೆನ್ನು ಕಾಗದಕ್ಕೆ ಹೋಯಿತು. ಮಾತಾಡೇ ತಾಯಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ.

ನಾನೇ ಕೋಟೇಶ್ವರಮ್ಮ ಅಂದಳು ಕೊನೆಗೆ.

ಇಷ್ಟು ದಿನ ಯಾಕೆ ಬರಲಿಲ್ಲ ಅಂತ ನ್ಯಾಯಾಧೀಶರು ರೇಗಿದರು. ನಿಮಗೆ ಕಾಯಿಲೆ, ಹಾಸಿಗೆ ಬಿಟ್ಟೇಳೋಕಾಗಲ್ಲ ಅಂತ ನಿಮ್ಮ ವಕೀಲರು ಪ್ರತಿ ಸಲ ವಾಯಿದೆ ಕೇಳಿ ಕೇಸು ಮುಂದೂಡಿಸ್ತಿದ್ದರಲ್ಲ ಅಂದರು.

"ಬಂದಿದ್ದೆ ಅಯ್ಯಾ, ಪ್ರತಿ ತಾರೀಖಿಗೂ. ಇದೇ ಬೆಂಚಿನಲ್ಲಿ ಕೂತಿರ್ತಿದ್ದೆ. ನನಗೆ ಹುಷಾರಿಲ್ಲ ಅಂತ ಅವರು ಹೇಳೋದನ್ನ ಇಲ್ಲೇ ಕೂತು ಕೇಳಿಸ್ಕೊಳ್ತಿದ್ದೆ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಎದುರು ವಕೀಲನಿಗೆ ಕೂರಲು ಹೇಳಿ, ಮುಂದೆ ಬನ್ನಿ ಅಮ್ಮಾ, ಇವತ್ತು ನೀವೇ ಹೇಳಿ ಅಂದರು.