ನೇರಳೆ ಪೆನ್ಸಿಲಿನ ಪತ್ರ

“ಇದೇನ್ರೀ, ಮಗೂನ ಕರು ಕಟ್ಟಿದ ಹಾಗೆ ಕಟ್ಟಿ ಹಾಕಿದೀರಾ?” ಎಂದಳು ಕೋಟು ಒಯ್ಯಲು ಬಂದ ಹೆಂಗಸು, ಕೌಂಟರಿನ ಮೇಲೆ ಬಗ್ಗಿ ಲಾಂಡ್ರಿಯ ಒಳಗೆ ನೋಡುತ್ತ.

“ನನ್ನನ್ನ ಕೇಳಬೇಡಿ,” ಎಂದಳು ಕೌಂಟರಿನ ಪಕ್ಕದ ಮೇಜಿನಲ್ಲಿ ಕೂತಿದ್ದ ಅತ್ತೆ. “ಕಟ್ಟಿದ ಮಹಾತಾಯಿ ಅಲ್ಲಿ ಇಸ್ತ್ರಿ ಹತ್ರ ನಿಂತಿದಾಳೆ. ನನ್ನ ಸೊಸೆ. ಅವರ ಕಡೆ ಮಕ್ಕಳನ್ನ ಹೀಗೇ ಬೆಳೆಸ್ತಾರಂತೆ. ನಾಳೆ ಎದುರಿಗೆ ಹುಲ್ಲು ಹಾಕ್ತಾಳೋ ಏನೋ, ನೋಡೋಣ.”

ಸೊಸೆಗೆ ಕೇಳಿಸಿತು. ಅವಳು ಬೇರೆ ದೇಶದವಳು, ಬೇರೆ ಭಾಷೆಯವಳು. ಮದುವೆಯಾಗಿ ಬಂದು ನಾಲ್ಕು ವರ್ಷ. ಇಲ್ಲಿಯ ಮಾತನ್ನು ಅವಳು ಬಹುಪಾಲು ಅತ್ತೆಯ ಬಾಯಿಂದಲೇ ಕಲಿತದ್ದು, ಹಾಗಾಗಿ ಬೇರೆ ಮಾತಿನಲ್ಲಿ ತಡವರಿಸಿದರೂ ಬೈಗುಳದಲ್ಲಿ ಮಾತ್ರ ಒಂದಕ್ಷರವೂ ಅವಳ ಕಿವಿ ತಪ್ಪುತ್ತಿರಲಿಲ್ಲ.

“ಕಟ್ಟಿ ಹಾಕಿಲ್ಲ,” ಎಂದಳು ಅವಳು. “ಇನ್ನೊಂದು ತುದಿ ನೋಡಿ.”

ಒಂದೂವರೆ ವರ್ಷದ ಪುಟ್ಟಿಯ ಸೊಂಟದಿಂದ ಹೊರಟ ಅಗಲವಾದ ಹತ್ತಿಯ ಪಟ್ಟಿ ನೆಲದ ಮೇಲೆ ಎರಡು ಮಾರು ಹರಿದು, ಸೊಸೆಯದೇ ಎಡಗಾಲಿಗೆ ಹೋಗಿ ಮುಟ್ಟುತ್ತಿತ್ತು. ಬಲಗಾಲು ಆವಿಯ ದೊಡ್ಡ ಇಸ್ತ್ರಿ ಮಿಷನ್ನಿನ ಪೆಡಲಿಗೆ, ಎಡಗಾಲು ಮಗಳಿಗೆ. ಪಟ್ಟಿ ಬಿಗಿಯಾದರೆ ಮಗು ದೂರ ಹೋಗಿದೆ ಎಂದರ್ಥ. ಸಡಿಲವಾದರೆ ಹತ್ತಿರ ಬಂದಿದೆ, ಆಗ ಪೆಡಲು ಬಿಡಬೇಕು. ಅವಳ ಅಮ್ಮ ಮಗ್ಗದ ಮುಂದೆ ಕೂತು ಐವರನ್ನು ಹೀಗೇ ದೊಡ್ಡವರನ್ನಾಗಿ ಮಾಡಿದ್ದಳಂತೆ. ಕಣ್ಣು ಕೆಲಸದ ಮೇಲೆ, ಕಿವಿ ಕಾಲಿನಲ್ಲಿ.

ಕೋಟಿನ ಹೆಂಗಸು ತುಟಿ ಕೊಂಕಿಸಿ ಹೋದಳು. ಅತ್ತೆ ಮತ್ತೆ ಕಾಲರುಗಳ ರಾಶಿಗೆ ಕೈ ಹಾಕಿದಳು.

ಗುರುತು ಹಾಕುವುದು ಅವಳ ಕೆಲಸ. ಬಂದ ಪ್ರತಿ ಬಟ್ಟೆಯ ಒಳಮಡಿಕೆಯಲ್ಲಿ ನಂಬರು ಬರೆಯಬೇಕು. ಅದಕ್ಕೆಂದೇ ಒಂದು ನೇರಳೆ ಪೆನ್ಸಿಲ್. ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಬರೆದರೆ ಎಷ್ಟು ಸಲ ಒಗೆದರೂ ಹೋಗದು. ಮೂವತ್ತೊಂದು ವರ್ಷ ನೆಕ್ಕಿ ನೆಕ್ಕಿ ಅವಳ ನಾಲಿಗೆಯ ತುದಿಯೂ ನೇರಳೆಯಾಗಿತ್ತು. ದೊಡ್ಡ ಮಿಷನ್ನುಗಳಿಗೆ ಬಟ್ಟೆ ತುಂಬುವ ನೊರೆಯಣ್ಣ, “ಅಮ್ಮಾವ್ರು ಬೈದರೆ ಆ ಕಲೆಯೂ ಹೋಗಲ್ಲ” ಎಂದು ಆಗಾಗ ನಗಿಸುತ್ತಿದ್ದ.

ಆ ದಿನ ಅತ್ತೆ ನಗಲಿಲ್ಲ. ಬಾಗಿಲ ಗಂಟೆ ಬಡಿದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ಎರಡು ವಾರದ ಕೆಳಗೆ ಅವಳು ಮಕ್ಕಳ ಕಲ್ಯಾಣ ಕಚೇರಿಗೆ ಒಂದು ಪತ್ರ ಹಾಕಿದ್ದಳು. ಹೆಸರು ಬರೆದಿರಲಿಲ್ಲ. ಕೆಳಗೆ ‘ಮಗುವಿನ ಹಿತೈಷಿ’ ಎಂದಷ್ಟೇ. ಇಂಥ ಲಾಂಡ್ರಿಯಲ್ಲಿ ಇಂಥ ತಾಯಿ ಮಗುವನ್ನು ಹಗ್ಗದಲ್ಲಿ ಕಟ್ಟಿ ಕೆಲಸ ಮಾಡುತ್ತಾಳೆ, ಮನೆಯಲ್ಲಿ ಅಜ್ಜಿ ಇದ್ದಾಳೆ, ಮಗುವನ್ನು ಅವಳ ಕೈಗೆ ಒಪ್ಪಿಸುವುದು ಒಳ್ಳೆಯದು. ಅವಳ ಲೆಕ್ಕ ಸರಳವಾಗಿತ್ತು. ಕಚೇರಿಯವರು ಬಂದು ಗದರಿಸುತ್ತಾರೆ, ಮಗು ಹಗಲೆಲ್ಲ ತನ್ನ ಬಳಿ ಉಳಿಯುತ್ತದೆ, ತಾನು ಕೆಲಸ ಬಿಟ್ಟರಾಯಿತು, ಮೊಮ್ಮಗಳು ತನ್ನ ಮಾತು ಕಲಿಯುತ್ತಾಳೆ. ಈಗ ಅವಳು ಅಮ್ಮನ ಜೊತೆ ಆಡುವ ನಾಲ್ಕು ಮಾತಿನಲ್ಲಿ ಒಂದೂ ಅಜ್ಜಿಗೆ ತಿಳಿಯುತ್ತಿರಲಿಲ್ಲ. ಲಾರಿ ಓಡಿಸುವ ಮಗ ಊರಲ್ಲಿರುವುದು ತಿಂಗಳಿಗೆ ಎಂಟು ದಿನ. ‘ನೀವಿಬ್ಬರೇ ಬಗೆಹರಿಸಿಕೊಳ್ಳಿ’ ಎಂದು ಹೇಳಿ ಹೋಗುವುದಕ್ಕೆ ಅವನಿಗೆ ಅಷ್ಟು ದಿನ ಸಾಕು.

ಹನ್ನೊಂದರ ಹೊತ್ತಿಗೆ ಕಚೇರಿಯವಳು ಬಂದಳು. ಅಡಿ ಸವೆದ ಬೂಟು, ಕಂಕುಳಲ್ಲಿ ಕಡತ. ನೆಲದ ಮೇಲಿನ ಪಟ್ಟಿಯನ್ನು ದಾಟಿ ಹೋಗದೆ, ಅದರ ಉದ್ದಕ್ಕೂ ಕಣ್ಣು ಹಾಯಿಸಿ, ಎರಡೂ ತುದಿ ನೋಡಿದಳು.

“ದಿನಾ ಹೀಗೇನಾ?”

“ದಿನಾ,” ಎಂದಳು ಸೊಸೆ.

“ಎಷ್ಟು ಗಂಟೆ?”

“ನಾನೆಷ್ಟು ಗಂಟೆ ನಿಂತಿರ್ತೀನೋ ಅಷ್ಟು. ನನ್ನನ್ನೂ ಕಟ್ಟಿದೆ ಅಲ್ವಾ.”

“ಅದನ್ನೇ ನಾನು ಬಡ್ಕೊಳ್ಳೋದು,” ಎಂದು ಅತ್ತೆ ನಡುವೆ ನುಗ್ಗಿದಳು. “ಬಾಯಿಲ್ಲದ ಕೂಸು. ಇಲ್ಲಿ ಆವಿ, ಅಲ್ಲಿ ಕಲೆ ತೆಗೆಯೋ ಔಷಧಿ. ಹಗ್ಗ ಕಟ್ಟೋದು ಬೆಳೆಸೋದಾ ತಾಯಿ, ನೀವೇ ಹೇಳಿ.”

“ಹಗ್ಗ ಅಲ್ಲ, ಪಟ್ಟಿ,” ಎಂದಳು ಸೊಸೆ.

“ಪಟ್ಟಿಯಾದರೆ ಪ್ರೀತಿ ಬಂದುಬಿಡ್ತಾ?”

ಕಚೇರಿಯವಳು ಕೈಯೆತ್ತಿ ಇಬ್ಬರನ್ನೂ ತಡೆದು, ಕಡತ ಬಿಡಿಸಿ ಗುರುತಿನ ಮೇಜಿನ ಮೇಲೆಯೇ ಇಟ್ಟಳು. ಮೇಲಿದ್ದ ಕಾಗದವನ್ನು ಸೊಸೆ ಅಲ್ಲಿಂದಲೇ ಕಂಡಳು. ನೊರೆಯಣ್ಣನೂ ಕಂಡ. ಲಾಂಡ್ರಿಯಲ್ಲಿ ಬಟ್ಟೆ ಸುತ್ತಿ ಕೊಡುವ ಕಂದು ಕಾಗದ. ಅದರ ಮೇಲೆ ನೇರಳೆ ಅಕ್ಷರ. ಬಲಮೂಲೆಯಲ್ಲಿ ‘ತುರ್ತು’ ಎಂದು ಬರೆದು, ಕೆಳಗೆ ಎರಡು ಗೆರೆ, ಸಂಜೆಯೊಳಗೆ ಕೊಡಬೇಕಾದ ಬಟ್ಟೆಯ ಚೀಟಿಗೆ ಅತ್ತೆ ಎಳೆಯುವ ಹಾಗೆ.

ಅತ್ತೆಯೂ ನೋಡಿದಳು. ಹೆಸರು ಹಾಕದಿರಲು ನಾಲ್ಕು ದಿನ ಯೋಚಿಸಿದ್ದಳು. ಅಂಚೆಗೆ ಹಾಕಲು ಎರಡು ಬೀದಿ ದಾಟಿ ದೂರದ ಡಬ್ಬಿಗೆ ಹೋಗಿದ್ದಳು. ಪೆನ್ಸಿಲ್ ಮಾತ್ರ ಕೈಯಲ್ಲೇ ಇತ್ತು. ಬರೆಯುವುದೆಂದರೆ ಅವಳಿಗೆ ಅದೇ, ಮೂವತ್ತೊಂದು ವರ್ಷ ಬೇರೆಯದನ್ನು ಹಿಡಿದವಳೇ ಅಲ್ಲ.

ನೊರೆಯಣ್ಣ ಕೆಮ್ಮಿ, ಖಾಲಿ ಮಿಷನ್ನಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿದ.

“ಮನೇಲಿ ಅಜ್ಜಿ ಇದಾರೆ ಅಂತ ಬರೆದಿದೆ,” ಎಂದಳು ಕಚೇರಿಯವಳು. “ನೀವೇನಾ?”

“ನಾನೇ,” ಎಂದಳು ಅತ್ತೆ. ಅವಳ ನಾಲಿಗೆಯ ತುದಿ ಕಂಡಿತು. ಕಚೇರಿಯವಳು ಒಮ್ಮೆ ಕಾಗದ ನೋಡಿದಳು, ಒಮ್ಮೆ ಅವಳ ಬಾಯಿ ನೋಡಿದಳು.

“ನಿಮ್ಮ ಮಗನ್ನ ಹೇಗೆ ಬೆಳೆಸಿದ್ರಿ?”

ಈ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಅತ್ತೆ ನೆಟ್ಟಗಾದಳು. “ಇದೇ ಜಾಗದಲ್ಲಿ. ಒಂದು ದಿನ ರಜ ಹಾಕಿಲ್ಲ, ಒಂದು ದಿನ ಕಟ್ಟಿಲ್ಲ. ಆ ದೊಡ್ಡ ಬೆತ್ತದ ಬುಟ್ಟಿ ಇದೆಯಲ್ಲ, ಮೈಲಿಗೆ ಬಟ್ಟೆದು, ಅದರೊಳಗೆ ಮೆತ್ತಗೆ ಟವೆಲ್ಲು ಹಾಸಿ ಕೂರಿಸ್ತಿದ್ದೆ. ರಾಜನ ಹಾಗಿದ್ದ.”

“ಎದ್ದು ಹೊರಗೆ ಬರ್ತಿರಲಿಲ್ವಾ?”

“ಹೇಗೆ ಬರ್ತಾನೆ, ಮುಚ್ಚಳ ಇತ್ತಲ್ಲ.”

ಮಿಷನ್ನಿನೊಳಗಿಂದ ನೊರೆಯಣ್ಣನ ಕೆಮ್ಮು ಮತ್ತೆ ಕೇಳಿಸಿತು.

“ಗಾಳಿ ಆಡೋ ಮುಚ್ಚಳ ತಾಯಿ,” ಎಂದು ಅತ್ತೆ ಅವಸರದಲ್ಲಿ ಸೇರಿಸಿದಳು. “ಬೆತ್ತದ್ದು. ಕಂಡಿ ಕಂಡಿ ಇರುತ್ತೆ.”

“ಮತ್ತೆ ನಿಮ್ಮ ಮಗನ ಮೊಣಕೈ ಮೇಲಿನ ಸುಟ್ಟ ಕಲೆ?” ಎಂದಳು ಸೊಸೆ. ಅವಳ ಸ್ವರ ಏರಲಿಲ್ಲ. “ಮುಚ್ಚಳ ತೆಗೆದ ದಿನದ್ದು ಅಂತ ನೀವೇ ಹೇಳಿದ್ರಿ. ಹೆಮ್ಮೆಯಿಂದ ಹೇಳಿದ್ರಿ.”

“ಗಂಡುಮಗ ಅಂದ ಮೇಲೆ ಒಂದು ಕಲೆ ಇರುತ್ತಮ್ಮ.”

ಕಚೇರಿಯವಳು ಬರೆದುಕೊಂಡಳು. ಅತ್ತೆ ಕತ್ತು ಚಾಚಿ ಹಾಳೆಯನ್ನು ನೋಡಿದಳು. ತಾನು ಹೇಳಿದ್ದು ತನ್ನ ಪಾಲಿನ ಹಾಳೆಗೆ ಹೋಗುತ್ತಿತ್ತು, ಸೊಸೆಯದಕ್ಕಲ್ಲ.

“ನಿಮಗೆ ಮಕ್ಕಳಿದಾರಾ?” ಎಂದು ಸೊಸೆ ಕಚೇರಿಯವಳನ್ನೇ ಕೇಳಿದಳು.

“ಇಬ್ಬರು.”

“ಅಡುಗೆ ಮಾಡುವಾಗ ಎಲ್ಲಿ ಬಿಡ್ತಿದ್ರಿ?”

“ಆಟದ ಮಂಚ ಇತ್ತು. ಸುತ್ತ ಮರದ ಕಂಬಿ ಇರುತ್ತಲ್ಲ, ಅದು.” ಹೇಳಿದ ಮೇಲೆ ಕಚೇರಿಯವಳಿಗೇ ಕೆನ್ನೆ ಸ್ವಲ್ಪ ಕೆಂಪಾಯಿತು. “ಅದಕ್ಕೆ ಸರ್ಕಾರದ ಒಪ್ಪಿಗೆ ಇದೆ.”

“ಕಂಬಿಗೆ ಒಪ್ಪಿಗೆ, ಪಟ್ಟಿಗೆ ಇಲ್ಲ.”

“ಇಲ್ಲ.”

“ಸರಿ,” ಎಂದಳು ಸೊಸೆ. “ಗೊತ್ತಾಯ್ತು.”

ತೀರ್ಪು ಹತ್ತು ನಿಮಿಷದಲ್ಲಿ ಮುಗಿಯಿತು. ಪಟ್ಟಿಯನ್ನು ಈಗಲೇ ಬಿಚ್ಚಬೇಕು. ಸೋಮವಾರದಿಂದ ಪುಟ್ಟಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಶಿಶುಕೇಂದ್ರದಲ್ಲಿ. ಲಾಂಡ್ರಿಯೊಳಗೆ ಮತ್ತೆ ಕಾಲಿಡಕೂಡದು. ಆರು ತಿಂಗಳು ತಿಂಗಳಿಗೊಮ್ಮೆ ಯಾರಾದರೂ ಮನೆಗೆ ಬಂದು ನೋಡುತ್ತಾರೆ. ಅಲ್ಲಿಯವರೆಗೆ ಮಗುವನ್ನು ಅಜ್ಜಿಯೊಬ್ಬಳದೇ ಕೈಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ.

“ಅಜ್ಜಿ ಕೈಯಲ್ಲೂ ಇಲ್ವಾ?” ಎಂದಳು ಅತ್ತೆ. “ಹೆತ್ತ ಮಗನ್ನ ಸಾಕಿದೀನಿ ನಾನು.”

“ಬುಟ್ಟಿಯಲ್ಲಿ,” ಎಂದಳು ಕಚೇರಿಯವಳು, ಕಡತ ಕಟ್ಟುತ್ತ. ಬಾಗಿಲ ಗಂಟೆ ಬಡಿಯಿತು, ಅವಳು ಹೋದಳು.

ಸೊಸೆ ಕೂತು ತನ್ನ ಕಾಲಿನ ಗಂಟು ಬಿಚ್ಚಿದಳು. ಆಮೇಲೆ ಮಗಳ ಸೊಂಟದ್ದು. ಪುಟ್ಟಿಯನ್ನು ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಕೈಗೆ ನಾಲ್ಕು ಖಾಲಿ ದಾರದ ರೀಲು ಕೊಟ್ಟು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅತ್ತೆಗೆ ಆ ಮಾತು ತಿಳಿಯಲಿಲ್ಲ, ಯಾವತ್ತಿನ ಹಾಗೆ. ಸಂಜೆಯೊಳಗೆ ಆಸ್ಪತ್ರೆಯ ನಲವತ್ತು ಕೋಟು ಹೋಗಬೇಕಿತ್ತು. ಇಸ್ತ್ರಿ ಬುಸುಗುಟ್ಟುತ್ತ ನಿಂತಿತ್ತು.

ಕಚೇರಿಯವಳು ಬಿಟ್ಟುಹೋದ ಚೀಟಿಯಲ್ಲಿ ಕೇಂದ್ರಕ್ಕೆ ತರಬೇಕಾದ ಸಾಮಾನಿನ ವಿವರವಿತ್ತು. ಮೂರು ಜೊತೆ ಬಟ್ಟೆ, ಪ್ರತಿಯೊಂದರ ಮೇಲೂ ಮಗುವಿನ ಹೆಸರಿರಬೇಕು. ಅತ್ತೆ ಅದನ್ನು ಎರಡು ಸಲ ಓದಿದಳು.

“ನೋಡಿಲ್ಲಿ,” ಎಂದಳು ಕೊನೆಗೆ, ಸೊಸೆಯ ಮುಖ ನೋಡದೆ. “ನಾಳೆ ಅವಳ ಬಟ್ಟೆ ತಂದುಕೊಡು. ಹೆಸರು ನಾನು ಬರೀತೀನಿ.”

“ಬೇಡ.”

“ಒಗೆದರೂ ಹೋಗಲ್ಲ ಇದು. ಅಂಗಡಿ ಶಾಯಿ ಎರಡು ದಿನಕ್ಕೆ ಅಳಿಸಿಹೋಗುತ್ತೆ.”

“ಹೋಗಲ್ಲ ಅಂತ ನನಗೆ ಗೊತ್ತು,” ಎಂದಳು ಸೊಸೆ. “ನಿಮ್ಮ ಅಕ್ಷರಾನೂ ಗೊತ್ತು, ನಿಮ್ಮ ಎರಡು ಗೆರೆನೂ ಗೊತ್ತು. ನಾನೇ ಸೂಜಿಯಲ್ಲಿ ಹೊಲೀತೀನಿ. ನಮ್ಮ ಲಿಪಿಯಲ್ಲಿ.”

“ಅಲ್ಲಿ ಯಾರು ಓದ್ತಾರೆ ಅದನ್ನ?”

“ನೀವು ಓದಬಾರದು, ಅಷ್ಟೇ.”

“ನನ್ನ ಮೊಮ್ಮಗಳು ಕಣೇ ಅವಳು.”

“ಮೊಮ್ಮಗಳು ಅಂತ ಆ ಕಾಗದದಲ್ಲಿ ಬರೆದಿರಲಿಲ್ಲ ನೀವು. ಹಿತೈಷಿ ಅಂತ ಬರೆದಿದ್ರಿ. ಹಾಗೇ ಇರಿ.” ಅವಳು ಇಸ್ತ್ರಿಯ ಮುಂದೆ ಹೋಗಿ ನಿಂತು, ಬೆನ್ನು ತಿರುಗಿಸಿ, ಪೆಡಲು ಒತ್ತಿದಳು.

ಅತ್ತೆ ಒಂದು ಬಿಳಿ ಅಂಗಿಯನ್ನು ಎಳೆದುಕೊಂಡು, ಪೆನ್ಸಿಲನ್ನು ನಾಲಿಗೆಗೆ ತಾಗಿಸಿದಳು. ನಂಬರು ಮರೆತುಹೋಗಿತ್ತು. ಚೀಟಿ ನೋಡಿ, ಕಾಲರು ಬಿಡಿಸಿ ಹಿಡಿದಳು.

ಮೊಣಕಾಲಿಗೆ ಏನೋ ತಾಗಿತು. ಪುಟ್ಟಿ ಬೆಂಚಿನಿಂದ ಇಳಿದು ಬಂದಿದ್ದಳು. ಒಂದು ಕೈಯಲ್ಲಿ ನೆಲದಿಂದ ಎತ್ತಿಕೊಂಡ ಪಟ್ಟಿ, ಇನ್ನೊಂದರಲ್ಲಿ ತನ್ನದೇ ಅಂಗಿಯ ಅಂಚು. ಅಂಗಿಯನ್ನು ಹೊಟ್ಟೆಯ ಮೇಲಕ್ಕೆ ಎತ್ತಿಕೊಂಡು, ಕಟ್ಟಿಸಿಕೊಳ್ಳಲು ದಿನಾ ನಿಲ್ಲುವ ಹಾಗೆಯೇ ನಿಂತಿದ್ದಳು.

ಅತ್ತೆ ಸೊಸೆಯ ಬೆನ್ನನ್ನು ನೋಡಿದಳು. ಗಾಜಿನಾಚೆ ಬೀದಿಯನ್ನು ನೋಡಿದಳು. ಕಲೆ ತೆಗೆಯುವ ಔಷಧಿಯ ಡಬ್ಬಿಗಳು ಮೂರು ಹೆಜ್ಜೆ ಆಚೆಗಿದ್ದವು. ಸೊಸೆ ಹಾಕುವ ಗಂಟು ಅವಳಿಗೆ ಬಾರದು. ಬಟ್ಟೆಯ ಮೂಟೆಗೆ ಹಾಕುವ ಗಂಟನ್ನೇ ಮಗುವಿನ ಸೊಂಟಕ್ಕೆ ಸಡಿಲವಾಗಿ ಹಾಕಿದಳು. ಇನ್ನೊಂದು ತುದಿಯನ್ನು ಬಗ್ಗಿ ತನ್ನ ಕಾಲಿಗೆ ಸುತ್ತಿಕೊಂಡಳು. ಮತ್ತೆ ಪೆನ್ಸಿಲ್ ಹಿಡಿದು ನಂಬರಿನ ಮೊದಲ ಅಂಕೆ ಬರೆಯತೊಡಗಿದಳು.

ಪುಟ್ಟಿ ತಾಯಿಯ ಕಡೆಗೆ ಓಡಿದಳು. ಪಟ್ಟಿ ಬಿಗಿಯಾಗಿ ಕಾಲು ಸರಕ್ಕನೆ ಜಾರಿತು, ಅದರೊಂದಿಗೆ ಕೈಯೂ ಜಾರಿತು. ಯಾರದೋ ಬಿಳಿ ಅಂಗಿಯ ಕಾಲರಿನಿಂದ ಎದೆಯವರೆಗೆ ಒಂದು ನೇರಳೆ ಗೆರೆ ಉದ್ದಕ್ಕೆ ಎಳೆದುಹೋಯಿತು.