ದ್ಯಾಮವ್ವನ ಮೊದಲ ಗಡಿಗೆ

ನಾನು ಒಂದು ಗಡಿಗೆ. ಕೆರೆಯ ಮಣ್ಣಾಗಿದ್ದ ನನ್ನನ್ನು ಬುಟ್ಟಿಯಲ್ಲಿ ಹೊತ್ತು ತಂದವಳು ದ್ಯಾಮವ್ವ. ಅವಳ ಗಂಡ, ಕುಂಬಾರ ಚೌಡಪ್ಪನಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಮಕ್ಕಳಿಲ್ಲದ ಮನೆ. ಕುಂಬಾರರಲ್ಲಿ ಹೆಂಗಸರು ಮಣ್ಣು ತುಳಿಯುತ್ತಿದ್ದರು, ಹಸಿ ಗಡಿಗೆ ಸುಡುವ ಆವಿಗೆಗೆ ಸೌದೆ ಒಟ್ಟುತ್ತಿದ್ದರು. ಗಡಿಗೆ ತಿರುವುವ ತಿಗರಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಆ ರೂಢಿ ಮುರಿದವನು ಚೌಡಪ್ಪನೇ.

"ಬಾ, ಕುಂದ್ರು. ನಾ ಹೇಳ್ತೀನಿ, ನೀ ಮಾಡು."

"ಈ ವಯಸ್ಸಿನ್ಯಾಗ ನನಗ ಬರ್ತೈತೇನ್ರಿ?"

"ಕೈ ಅಷ್ಟ ಹೋಗೇತಿ, ಬಾಯಿ ಹೋಗಿಲ್ಲ. ಕುಂದ್ರು."

ಮೊದಲು ಅವಳಿಂದ ನನ್ನನ್ನು ನಾದಿಸಿದ. "ಒಳಗ ಗಾಳಿ ಉಳೀತಂದ್ರ ಬೆಂಕ್ಯಾಗ ಸಿಡೀತೈತಿ" ಅಂದ. ತಿಗರಿಯ ನಡುವೆ ಕೂರಿಸಿದರೆ ನಾನು ಅಂಚಿಗೆ ಜಾರುತ್ತಿದ್ದೆ. ಮೇಲೆ ಎಳೆದರೆ ಕುಸಿದು ಬೀಳುತ್ತಿದ್ದೆ. ಬೇಲಿಯಾಚೆ ನಿಂತವರು ನಕ್ಕರು. ದ್ಯಾಮವ್ವ ಕೈ ತೊಳೆದು ಎದ್ದುಹೋಗುವಳು; ಮರುದಿನ ಮತ್ತೆ ಬಂದು ಕೂರುವಳು.

ಒಂದು ದಿನ ಚೌಡಪ್ಪ ಹತ್ತಿರ ಸರಿದು ಬಂದು, ತನ್ನ ಎಡಗೈಯನ್ನು ಅವಳ ಕೈಮೇಲಿಟ್ಟ. "ಒತ್ತಬ್ಯಾಡ. ಸುಮ್ನ ಹಿಡಿ. ತಾನ ಎದ್ದು ಬರ್ತೈತಿ."

ನಾನು ಎದ್ದೆ. ನನಗೆ ಹೊಟ್ಟೆ ಬಂತು, ಕಂಠ ಬಂತು.

ನೆರಳಲ್ಲಿ ಅರ್ಧ ಒಣಗಿದೆ. ತೆರೆದೇ ಇದ್ದ ನನ್ನ ತಳವನ್ನು ಹಲಗೆಯಿಂದ ತಟ್ಟಿ ಕೂಡಿಸಿದಳು. ಆಮೇಲೆ ಅವಳು ಮಾಡಿದ ಇನ್ನಷ್ಟು ಗಡಿಗೆಗಳ ಜೊತೆ ಆವಿಗೆ ಸೇರಿದೆ. ಚೌಡಪ್ಪ ಇಡೀ ದಿನ ಅಲ್ಲೇ ಕೂತು ಬೆಂಕಿ ನೋಡಿಕೊಂಡ. "ನಾಳೆ ತೆಗಿಯೋಣು" ಅಂದ.

ಬೆಳಗ್ಗೆ ಅವನು ಏಳಲಿಲ್ಲ.

ಜನ ಸೇರಿದರು. ಸುಡುಗಾಡಿಗೆ ಒಯ್ಯಲು ಹೊಸ ಗಡಿಗೆ ಬೇಕಿತ್ತು. ಊರಿನ ಯಾರೇ ಸತ್ತರೂ ಗಡಿಗೆ ಕೊಡುತ್ತಿದ್ದ ಮನೆಯಲ್ಲಿ ಆ ದಿನ ಒಂದೂ ಇರಲಿಲ್ಲ.

"ದೊಡ್ಡವ್ವ, ಪ್ಯಾಟಿಯಿಂದ ತರ್ಲೇನು?" ಚೌಡಪ್ಪನ ತಮ್ಮನ ಮಗ ಕರಿಯಪ್ಪ ಕೇಳಿದ.

"ಬ್ಯಾಡ."

ದ್ಯಾಮವ್ವ ಆವಿಗೆಯ ಹತ್ತಿರ ಹೋಗಿ ಬೂದಿ ಸರಿಸಿದಳು. ಉಳಿದವೆಲ್ಲ ಬಿರಿದಿದ್ದವು. ನಾನೊಂದೇ ಇಡಿಯಾಗಿದ್ದೆ, ಇನ್ನೂ ಬೆಚ್ಚಗಿದ್ದೆ. ಬೆರಳಿನಿಂದ ತಟ್ಟಿದಳು; ಠಣ್ ಎಂದೆ. ಅಂಗಳದಲ್ಲಿ ಮಲಗಿಸಿದ್ದ ಗಂಡನ ಕಡೆಗೆ ತಿರುಗಿ, "ಗಟ್ಟಿ ಬಂದೈತ್ರೀ" ಎಂದಳು.

ಆಮೇಲೆ ನನ್ನನ್ನು ಎದೆಗವಚಿಕೊಂಡು ನೆಲಕ್ಕೆ ಕುಸಿದಳು. ಕರಿಯಪ್ಪ ಕೈ ಚಾಚಿದರೂ ಬಿಡಲಿಲ್ಲ.

"ದೊಡ್ಡವ್ವ, ಹೊತ್ತಾತು."

ಕೊನೆಗೆ ತಾನೇ ನೀರು ತುಂಬಿ, ಕರಿಯಪ್ಪನ ಹೆಗಲಿಗೆ ಏರಿಸಿದಳು.

ಸುಡುಗಾಡಿನಲ್ಲಿ ಕರಿಯಪ್ಪ ಚಿತೆಯ ಸುತ್ತ ನಡೆದ. ಸುತ್ತಿಗೊಂದರಂತೆ ನನಗೆ ತೂತು ಬಿತ್ತು, ನೀರು ಸೋರಿತು. ಮುಗಿದ ಮೇಲೆ ನನ್ನನ್ನು ಬೆನ್ನ ಹಿಂದಕ್ಕೆ ಬಿಟ್ಟ. ನಾನು ಚೂರಾದೆ. ಯಾರೂ ತಿರುಗಿ ನೋಡಲಿಲ್ಲ, ನೋಡಬಾರದಂತೆ.

ಈಗ ಜಾಲಿಗಿಡದ ಕೆಳಗೆ ಬಿದ್ದಿದ್ದೇನೆ. ಊರಲ್ಲಿ ಸಾವಾದಾಗೆಲ್ಲ ಹೊಸ ಗಡಿಗೆಗಳು ಬಂದು ನನ್ನ ಪಕ್ಕದಲ್ಲಿ ಒಡೆಯುತ್ತವೆ. "ದ್ಯಾಮವ್ವ ಮಾಡಿದ್ದು" ಎನ್ನುತ್ತಾರೆ ತಂದವರು. ಎಷ್ಟು ತೆಳು, ಎಷ್ಟು ದುಂಡು! ಇವನ್ನು ನೋಡಿ ಹಿಗ್ಗಬೇಕಾದವನು ಒಬ್ಬನೇ ಇದ್ದ. ಅವನು ಇಲ್ಲೇ ಬೂದಿಯಾದ.